ಎರೆ ಹೊಲದಲ್ಲಿ ಕಲಿತ ಹಿಮದ ಲೆಕ್ಕ

ಹಿಮ ಮುಚ್ಚಿದ ರಸ್ತೆಯ ಮೇಲೆ ವಾಹನದ ಟೈರು ಹೇಗೆ ವರ್ತಿಸುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು ಕಳೆದ ಆರು ವರ್ಷಗಳಿಂದ ನನ್ನ ಉದ್ಯೋಗವಾಗಿದೆ. ಕೆಲಸ ಕೊಟ್ಟವರು ದೂರದಲ್ಲಿದ್ದಾರೆ. ನಾನು ಬಳ್ಳಾರಿಯಲ್ಲಿ ಮನೆಯಿಂದಲೇ ದುಡಿಯುತ್ತೇನೆ. ಏಪ್ರಿಲ್ ಕೊನೆಯ ವಾರದಲ್ಲಿ ಹೊರಗೆ 41 ಡಿಗ್ರಿ ಬಿಸಿಲು ಸುಡುತ್ತಿರುವಾಗ ನನ್ನ ಪರದೆಯ ಮೇಲೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ರಸ್ತೆಯೊಂದರಲ್ಲಿ ಕಾರು ಬ್ರೇಕ್ ಹಾಕಿ ಜಾರುತ್ತಿರುತ್ತದೆ. ಆಕಾಶದಿಂದ ಹಿಮ ಬೀಳುವುದನ್ನು ನಾನು ಇದುವರೆಗೆ ಕಣ್ಣಾರೆ ಕಂಡಿಲ್ಲ. ಕಾಣದ ವಸ್ತುವಿನ ಲೆಕ್ಕವನ್ನು ಹೇಗೆ ಬರೆಯುತ್ತೀ ಎಂದು ಸಿರುಗುಪ್ಪದ ಕಡೆಯ ನಮ್ಮ ಬಂಧುಗಳು ಹಬ್ಬ ಹುಣ್ಣಿಮೆಗೆ ಸೇರಿದಾಗಲೆಲ್ಲ ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಒಮ್ಮೆ ಪೂರ್ಣವಾಗಿ ಉತ್ತರ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ, ಏಕೆಂದರೆ ಆ ಉತ್ತರದ ಮುಖ್ಯ ಭಾಗ ನನಗೆ ಸಿಕ್ಕಿದ್ದು ನಮ್ಮದೇ ಎರೆ, ಅಂದರೆ ಕಪ್ಪು ಮಣ್ಣಿನ, ಹೊಲದಲ್ಲಿ.

ಈ ಲೆಕ್ಕ ಯಾರಿಗೆ ಬೇಕು ಎಂಬುದನ್ನು ಮೊದಲು ಹೇಳಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಒಣ ಡಾಂಬರಿನ ಮೇಲೆ ಪೂರ್ತಿ ಬ್ರೇಕ್ ಹಾಕಿದರೆ ಸುಮಾರು 8 ಮೀಟರಿನಲ್ಲಿ ನಿಲ್ಲುತ್ತದೆ. ಅಲ್ಲಿ ಘರ್ಷಣಾಂಕ, ಅಂದರೆ ಟೈರಿಗೆ ರಸ್ತೆಯ ಮೇಲೆ ಎಷ್ಟು ಹಿಡಿತವಿದೆ ಎಂದು ಹೇಳುವ ಅಂಕ, 0.8ರ ಆಸುಪಾಸಿನಲ್ಲಿರುತ್ತದೆ. ವಾಹನಗಳು ತುಳಿದು ಗಟ್ಟಿಯಾದ ಹಿಮದ ಮೇಲೆ ಆ ಅಂಕ 0.2ಕ್ಕೆ ಇಳಿದರೆ ಅದೇ ಕಾರು ನಿಲ್ಲಲು 31 ಮೀಟರ್ ಬೇಕು, ಮಂಜುಗಡ್ಡೆಯ ಮೇಲೆ 0.1 ಆದರೆ 63 ಮೀಟರ್ ಬೇಕು. ನಮ್ಮ ದೇಶದಲ್ಲಿಯೇ ಜೋಜಿ ಲಾ ಕಣಿವೆಯಲ್ಲಿ, ಮನಾಲಿಯಿಂದ ಮೇಲಿನ ರಸ್ತೆಗಳಲ್ಲಿ ಗಾಲಿಗೆ ಸರಪಳಿ ಸುತ್ತಿಕೊಂಡು ಲಾರಿ ಓಡಿಸುವವರಿಗೆ ಈ ಅಂತರದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈಗಿನ ಕಾರುಗಳಲ್ಲಿ ಬ್ರೇಕನ್ನು ಚಾಲಕನ ಜೊತೆ ಒಂದು ಪುಟ್ಟ ಕಂಪ್ಯೂಟರೂ ಹಿಡಿದಿರುತ್ತದೆ. ಗಾಲಿ ಪೂರ್ತಿ ನಿಂತು ಜಾರದಂತೆ ಅದು ಸೆಕೆಂಡಿಗೆ ಹಲವು ಬಾರಿ ಬ್ರೇಕನ್ನು ಬಿಗಿಹಿಡಿದು ಸಡಿಲಿಸುತ್ತದೆ. ಅದಕ್ಕೆ ಬರೆದ ನಿಯಮ ಹಿಮದ ಮೇಲೆ ಸರಿಯೇ ಎಂದು ಪರೀಕ್ಷಿಸಲು ಕಾರು ತಯಾರಕರು ಸ್ವೀಡನ್ನಿನ ಉತ್ತರದ ಆರ್ಯೆಪ್ಲೋಗ್ ಎಂಬ ಊರಿಗೆ ಹೋಗಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕಾರು ಓಡಿಸುತ್ತಾರೆ. ಆ ಅವಕಾಶ ಚಳಿಗಾಲದ ಕೆಲವೇ ತಿಂಗಳು ಮಾತ್ರ. ಉಳಿದ ತಿಂಗಳುಗಳಲ್ಲಿ ಕೆಲಸ ನಡೆಯಬೇಕಾದರೆ ನಮ್ಮಂಥವರು ಬರೆದ ಲೆಕ್ಕವೇ ಹಿಮವಾಗಬೇಕು.

ಟೈರಿನ ಲೆಕ್ಕವೆಲ್ಲ ಜಾರುವಿಕೆ ಎಂಬ ಒಂದು ಅಂಶದ ಸುತ್ತ ತಿರುಗುತ್ತದೆ. ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದು, ಬ್ರೇಕ್ ಹಾಕಿದ್ದರಿಂದ ಗಾಲಿಯ ಅಂಚು 36 ಕಿಲೋಮೀಟರ್ ವೇಗದಲ್ಲಿ ಮಾತ್ರ ತಿರುಗುತ್ತಿದ್ದರೆ ಜಾರುವಿಕೆ ಶೇ 10 ಎನ್ನುತ್ತೇವೆ. ಗಾಲಿ ಪೂರ್ತಿ ನಿಂತೇ ಹೋದರೆ ಶೇ 100. ಜಾರುವಿಕೆ ಸ್ವಲ್ಪವೂ ಇಲ್ಲದೆ ಟೈರು ಯಾವ ಬಲವನ್ನೂ ಕೊಡಲಾರದು ಎಂಬುದು ಹೊಸಬರಿಗೆ ಆಶ್ಚರ್ಯ ತರುವ ಸಂಗತಿ. ಇದನ್ನು ಅರ್ಥ ಮಾಡಿಕೊಳ್ಳಲು ಟೈರಿನ ಮೈಮೇಲೆ ಬ್ರಷ್ಷಿನ ಹಾಗೆ ರಬ್ಬರ್ ಕಡ್ಡಿಗಳು ಒತ್ತಾಗಿ ನಿಂತಿವೆ ಎಂದು ಊಹಿಸಿಕೊಳ್ಳಬೇಕು. ನೆಲಕ್ಕೆ ತಾಗುವ ಜಾಗ ಒಂದು ಅಂಗೈ ಅಗಲದಷ್ಟೇ ಇರುತ್ತದೆ. ಅದರ ಮುಂದಿನ ಅಂಚಿನಲ್ಲಿ ಕಡ್ಡಿ ನೆಟ್ಟಗೆ ನೆಲ ಮುಟ್ಟುತ್ತದೆ, ಹಿಂದೆ ಸರಿಯುತ್ತ ಸರಿಯುತ್ತ ಬಾಗುತ್ತದೆ, ಬಾಗಿದಷ್ಟೂ ಬಲ ಹುಟ್ಟುತ್ತದೆ, ಕೊನೆಗೆ ತಾಳಲಾರದೆ ನೆಲದ ಮೇಲೆ ಜಾರಿಬಿಡುತ್ತದೆ. ಜಾರುವಿಕೆ ಹೆಚ್ಚಿದಂತೆ ಜಾರಿದ ಕಡ್ಡಿಗಳ ಭಾಗ ಹಿಂದಿನಿಂದ ಮುಂದಕ್ಕೆ ಹಬ್ಬುತ್ತದೆ. ಒಣ ರಸ್ತೆಯಲ್ಲಿ ಒಟ್ಟು ಬಲವು ಶೇ 10ರಿಂದ 20ರ ನಡುವೆ ಎಲ್ಲೋ ಶಿಖರ ಮುಟ್ಟಿ, ಆಮೇಲೆ ಇಳಿಯುತ್ತದೆ. ಬ್ರೇಕಿನ ಕಂಪ್ಯೂಟರು ಗಾಲಿಯನ್ನು ಆ ಶಿಖರದ ಹತ್ತಿರ ಹಿಡಿದಿಡಲು ಯತ್ನಿಸುತ್ತದೆ.

ಈ ಏರಿಳಿತದ ಗೆರೆಯನ್ನು ಒಂದೇ ಸೂತ್ರದಲ್ಲಿ ಕಟ್ಟಿಕೊಟ್ಟ ಕೀರ್ತಿ ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹ್ಯಾನ್ಸ್ ಪಸೇಕಾ ಮತ್ತು ಅವರ ಜೊತೆಗಾರರದು. 1987ರಲ್ಲಿ ಪ್ರಕಟವಾದ ಆ ಸೂತ್ರಕ್ಕೆ ಮ್ಯಾಜಿಕ್ ಫಾರ್ಮುಲಾ ಎಂದೇ ಹೆಸರಾಯಿತು. ಅದು ಏಕೆ ಹಾಗಿದೆ ಎಂಬುದಕ್ಕೆ ಭೌತಶಾಸ್ತ್ರದ ಕಾರಣವಿಲ್ಲ. ಅಳತೆಗೆ ಕೂಡಿಬರುತ್ತದೆ, ಅಷ್ಟೇ. ಬಿ, ಸಿ, ಡಿ, ಇ ಎಂಬ ನಾಲ್ಕು ಅಂಕಗಳನ್ನು ಕೊಟ್ಟರೆ ಗೆರೆ ತಯಾರಾಗುತ್ತದೆ. ಆರಂಭದ ಏರು ಎಷ್ಟು ಕಡಿದಾಗಿರಬೇಕೆಂಬುದರಲ್ಲಿ ಬಿಯ ಪಾತ್ರ ದೊಡ್ಡದು, ಶಿಖರದ ಎತ್ತರ ಡಿ, ಆಕಾರವನ್ನೂ ಬಾಗನ್ನೂ ತಿದ್ದುವವು ಸಿ ಮತ್ತು ಇ. ಈ ಸೂತ್ರದ ಬಗ್ಗೆ ನನಗೆ ಅಪಾರ ಗೌರವವಿದೆ, ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಬಾರಿ ಲೆಕ್ಕ ಹಾಕಿ ಮುಗಿಸಬಹುದಾದ ಇಂಥ ಸರಳ ಸಾಧನ ಇನ್ನೊಂದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿಮದ ರಸ್ತೆಯ ಮಾದರಿ ಬೇಕೆಂದಾಗ ನಾನು ಮಾಡಿದ್ದು ಇಷ್ಟೇ: ಒಣ ರಸ್ತೆಯ ಗೆರೆಯನ್ನು ತೆಗೆದುಕೊಂಡು ಡಿ ಎಂಬ ಶಿಖರವನ್ನು 0.9ರಿಂದ 0.25ಕ್ಕೆ ಇಳಿಸಿದೆ. ಹಿಮವೆಂದರೆ ಹಿಡಿತ ಕಡಿಮೆಯಿರುವ ರಸ್ತೆ ಎಂದು ನನ್ನ ತಿಳಿವಳಿಕೆಯಾಗಿತ್ತು. ಚಳಿಗಾಲದ ಪರೀಕ್ಷೆಯ ಅಳತೆಗಳು ಬಂದಾಗ ನನ್ನ ಗೆರೆ ಎರಡು ಕಡೆ ಸುಳ್ಳಾಗಿತ್ತು. ನನ್ನ ಲೆಕ್ಕದಲ್ಲಿ ಬಲವು ಶೇ 12ಕ್ಕೆ ಶಿಖರ ಮುಟ್ಟಿ ಇಳಿಯುತ್ತಿತ್ತು. ಅಳತೆಯಲ್ಲಿ ಅದು ಶೇ 30 ದಾಟಿದ ಮೇಲೂ ಮೆಲ್ಲನೆ ಏರುತ್ತಲೇ ಇತ್ತು, ಶಿಖರವೆಂಬುದೇ ಕಾಣುತ್ತಿರಲಿಲ್ಲ. ಎರಡನೆಯದಾಗಿ, ಆಗ ತಾನೇ ಬಿದ್ದ ಸಡಿಲ ಹಿಮದಲ್ಲಿ ಗಾಲಿಯನ್ನು ಪೂರ್ತಿ ಬಿಗಿಹಿಡಿದು ಜಾರಿಸಿದ ಕಾರು ಕಂಪ್ಯೂಟರಿನ ನೆರವಿನಿಂದ ಬ್ರೇಕ್ ಹಾಕಿದ ಕಾರಿಗಿಂತ ಮೊದಲೇ ನಿಂತಿತ್ತು. ಅಳತೆಯೇ ತಪ್ಪಿರಬೇಕೆಂದು ಎರಡು ವಾರ ಹುಡುಕಿದೆ. ಅಳತೆ ಸರಿಯಾಗಿತ್ತು. ಬಿ, ಸಿ, ಇಗಳನ್ನು ತಿದ್ದಿ ಆ ಒಂದು ಪರೀಕ್ಷೆಗೆ ಗೆರೆಯನ್ನು ಒಗ್ಗಿಸಬಹುದಿತ್ತು, ಒಗ್ಗಿಸಿಯೂ ಒಗ್ಗಿಸಿದೆ. ಹಿಮದ ದಪ್ಪ ಬದಲಾದ ಮರುದಿನದ ಪರೀಕ್ಷೆಗೆ ಅದು ಮತ್ತೆ ಹೊಂದಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ನಾನು ಊರಿಗೆ ಹೋಗಿದ್ದೆ. ನೆಲ್ಲು ಕೊಯ್ದು ಚೀಲಕ್ಕೆ ತುಂಬಿ ಟ್ರೈಲರಿಗೆ ಏರಿಸುವಷ್ಟರಲ್ಲಿ ಅಕಾಲದ ಮಳೆ ಒಂದು ತಾಸು ಬಡಿದು ಹೋಯಿತು. ಹೊಲದಂಚಿನಿಂದ ದಾರಿಗೆ ಹತ್ತು ಮಾರು ಇರುವಾಗ ಟ್ರ್ಯಾಕ್ಟರಿನ ಹಿಂದಿನ ಎಡಗಾಲಿ ಹೂತುಕೊಂಡಿತು. ಚಾಲಕನ ಸೀಟಿನಲ್ಲಿ ನಾನಿದ್ದೆ. ಎಕ್ಸಲೇಟರ್ ಒತ್ತಿದಷ್ಟೂ ಗಾಲಿ ಗಿರಗಿರನೆ ತಿರುಗಿ ಇನ್ನೂ ನಾಲ್ಕು ಬೆರಳು ಕೆಳಗೆ ಹೋಯಿತು. ನಮ್ಮ ಹೊಲಗಳಲ್ಲಿ ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ, ನಾನು ಮಾಮ ಎಂದು ಕರೆಯುವ ಹಿರಿಯರು ಬದುವಿನ ಮೇಲಿಂದ ಕೂಗಿದರು: "ರೇಜ್ ಮಾಡಬ್ಯಾಡ ತಮ್ಮಾ. ನೆಲಾನೇ ಹಿಡಿವಲ್ದು, ಗಾಲಿ ಏನ್ ಮಾಡ್ತೈತಿ?"

ನಾನು ಇಳಿದು ಗಾಲಿಯ ಪಕ್ಕ ಕುಳಿತು ನೋಡಿದೆ. ಟೈರಿನ ದಪ್ಪ ಹಲ್ಲುಗಳ ನಡುವಿನ ಸಂದುಗಳೆಲ್ಲ ಎರೆ ಮಣ್ಣಿನಿಂದ ತುಂಬಿ, ಮೇಲೆ ಕೈಯಾಡಿಸಿದರೆ ಹಲ್ಲಿದೆಯೆಂಬುದೇ ತಿಳಿಯದಂತೆ ನುಣುಪಾಗಿತ್ತು. ಗಾಲಿ ತಿರುಗಿದ ಗುಂಡಿಯ ಗೋಡೆಯಲ್ಲಿ ಮಾತ್ರ ಹೊಳೆಯುವ ಪಟ್ಟಿಗಳಿದ್ದವು. ಮಣ್ಣಿನ ಒಂದು ಪದರ ಇನ್ನೊಂದರ ಮೇಲೆ ಜಾರಿ ಹೋದ ಗುರುತು ಅದು. ಬೆರಳಿನಿಂದ ಟೈರಿನ ಮಣ್ಣನ್ನು ಕೀಳಲು ಹೋದರೆ ಅಷ್ಟು ಸುಲಭಕ್ಕೆ ಬರಲಿಲ್ಲ, ರಬ್ಬರಿಗೆ ಅಂಟಿಕೊಂಡೇ ಇತ್ತು. ಅಂದರೆ ಟೈರು ಮಣ್ಣಿನ ಮೇಲೆ ಜಾರಿರಲಿಲ್ಲ. ರಬ್ಬರು ಮಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಹಾಗೆ ಹಿಡಿದುಕೊಂಡ ಮಣ್ಣು ತನ್ನ ಕೆಳಗಿನ ಮಣ್ಣಿನಿಂದ ಕಿತ್ತು ಬಂದಿತ್ತು. ನಾನು ಅಷ್ಟು ದಿನ ಬ್ರಷ್ಷಿನ ಕಡ್ಡಿ ಎಲ್ಲಿ ಜಾರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಸಡಿಲ ನೆಲದಲ್ಲಿ ಕಡ್ಡಿ ಜಾರುವ ಮೊದಲೇ ನೆಲವೇ ಬಟ್ಟೆಯಂತೆ ಹರಿಯುತ್ತದೆ. ಹಾಗಾದರೆ ಹಿಮದ ಮೇಲೆ ನಾನು ಬರೆಯಬೇಕಾದ ಗೆರೆ ರಬ್ಬರಿನದಲ್ಲ, ಹಿಮದ್ದು.

ಮಾಮ ಆಮೇಲೆ ಮಾಡಿಸಿದ್ದನ್ನೂ ಬರೆಯಬೇಕು, ಏಕೆಂದರೆ ಅದರಲ್ಲಿ ಪೂರ್ತಿ ಒಂದು ಅಧ್ಯಾಯವಿದೆ. ಚೀಲಗಳನ್ನು ಇಳಿಸಿದರು, ಹಿಂದಿನ ಟೈರುಗಳ ಗಾಳಿಯನ್ನು ಸ್ವಲ್ಪ ಬಿಟ್ಟರು, ಗಾಲಿಯ ಮುಂದೆ ನೆಲ್ಲುಹುಲ್ಲು ಹಾಸಿದರು, ಕ್ಲಚ್ಚನ್ನು ಮೆಲ್ಲಗೆ ಬಿಡು ಎಂದರು. ಟ್ರ್ಯಾಕ್ಟರ್ ಎದ್ದು ಬಂತು. ಆದರೆ ಇದೇ ಜನ ಹಗರಿ ಹಳ್ಳದ ಮರಳಿನಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡರೆ ಭಾರ ಇಳಿಸುವುದಿಲ್ಲ. ಇಬ್ಬರು ಹಿಂದಿನ ಮಡ್‌ಗಾರ್ಡ್ ಮೇಲೆ ಹತ್ತಿ ಕೂರುತ್ತಾರೆ. ಒಂದು ಕಡೆ ಭಾರ ಕಡಿಮೆ ಮಾಡುವುದು, ಇನ್ನೊಂದು ಕಡೆ ಹೆಚ್ಚಿಸುವುದು ಏಕೆ ಎಂಬುದಕ್ಕೆ ಮಣ್ಣಿನ ಶಾಸ್ತ್ರದ ಹಳೆಯ ಸಮೀಕರಣವೊಂದರಲ್ಲಿ ಉತ್ತರವಿದೆ. ಪದರಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಲದಲ್ಲಿ ಎರಡು ಪಾಲು: ಒಂದು ಕಣಗಳ ಅಂಟು, ಇನ್ನೊಂದು ಕಣಗಳ ತಿಕ್ಕಾಟ. ಅಂಟಿಗೆ ಮೇಲಿನ ಭಾರದ ಹಂಗಿಲ್ಲ. ತಿಕ್ಕಾಟ ಭಾರ ಹೆಚ್ಚಿದಂತೆ ಹೆಚ್ಚುತ್ತದೆ. ನೆನೆದ ಎರೆಯಲ್ಲಿ ಬಹುಪಾಲು ಅಂಟೇ ಇರುವುದರಿಂದ ಭಾರ ಹೇರಿದರೆ ಹಿಡಿತ ಬೆಳೆಯದೆ ಗಾಲಿ ಮಾತ್ರ ಹೂಳುತ್ತದೆ. ಮರಳಿನಲ್ಲಿ ಅಂಟಿಲ್ಲ, ತಿಕ್ಕಾಟವಷ್ಟೇ ಇದೆ. ಭಾರ ಅಲ್ಲಿ ನೆರವಾಗುತ್ತದೆ. ಹಿಮದಲ್ಲಿ ಎರಡೂ ಇವೆ, ಮತ್ತು ಅವುಗಳ ಪಾಲು ದಿನದಿಂದ ದಿನಕ್ಕೆ, ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಬದಲಾಗುತ್ತದೆ. ಹಿಮದ ಮಾದರಿ ಕಷ್ಟವಾಗಿರುವುದಕ್ಕೆ ನನ್ನ ದೃಷ್ಟಿಯಲ್ಲಿ ಇದೇ ಮೊದಲ ಕಾರಣ.

ಬಳ್ಳಾರಿಗೆ ಮರಳಿದ ಮೇಲೆ ನಾನು ಟೈರಿನ ಪುಸ್ತಕಗಳನ್ನು ಬದಿಗಿಟ್ಟು ನೆಲದ ಪುಸ್ತಕಗಳನ್ನು ತೆರೆದೆ. ಈ ವಿದ್ಯೆಗೆ ತಳಪಾಯ ಹಾಕಿದವರು ಪೋಲೆಂಡ್ ಮೂಲದ ಎಂಜಿನಿಯರ್ ಎಂ. ಜಿ. ಬೆಕ್ಕರ್. 1971ರಲ್ಲಿ ಅಪೋಲೊ 15ರ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಬಂಡಿಯ ಗಾಲಿಗಳ ಹಿಂದೆಯೂ ಅವರ ಶ್ರಮವಿದೆ. ಗಾಳಿ ತುಂಬಿದ ರಬ್ಬರಿನ ಬದಲು ಉಕ್ಕಿನ ತಂತಿಯ ಜಾಲರಿಯಿಂದ ನೇಯ್ದ ಗಾಲಿಗಳು ಅವು. ಯಾರೂ ಕಾಲಿಟ್ಟಿರದ ನೆಲದ ಮೇಲೆ ಗಾಲಿ ಎಷ್ಟು ಹೂಳುತ್ತದೆ ಎಂಬುದನ್ನು ಇಲ್ಲಿಯೇ ಕುಳಿತು ಲೆಕ್ಕ ಹಾಕುವ ಧೈರ್ಯ ಆ ಶಾಸ್ತ್ರಕ್ಕಿತ್ತು ಎಂಬುದು ಹಿಮ ಕಾಣದ ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಬೆಕ್ಕರ್ ವಿಧಾನ ಸರಳವಾದುದು. ಚಪ್ಪಟೆ ಫಲಕವೊಂದನ್ನು ನೆಲಕ್ಕೆ ಒತ್ತುತ್ತ ಹೋಗಿ, ಎಷ್ಟು ಒತ್ತಡಕ್ಕೆ ಎಷ್ಟು ಇಳಿಯಿತು ಎಂದು ಬರೆದುಕೊಳ್ಳಬೇಕು. ಆಮೇಲೆ ಅದೇ ಕೆಲಸವನ್ನು ಬೇರೆ ಅಗಲದ ಫಲಕದಿಂದ ಮಾಡಬೇಕು, ಏಕೆಂದರೆ ಅಂಟಿನಿಂದ ಬರುವ ಗಡಸು ಫಲಕದ ಅಗಲವನ್ನು ಅವಲಂಬಿಸಿದೆ, ತಿಕ್ಕಾಟದಿಂದ ಬರುವುದು ಅವಲಂಬಿಸಿಲ್ಲ. ಎರಡು ಫಲಕಗಳಿಂದ ಎರಡನ್ನೂ ಬೇರ್ಪಡಿಸಬಹುದು.

ಹೂಳುವುದರ ಲೆಕ್ಕ ಹೀಗಾದರೆ ಹರಿಯುವುದರ ಲೆಕ್ಕವನ್ನು 1961ರಲ್ಲಿ ಜಾನೋಸಿ ಮತ್ತು ಹನಾಮೊಟೊ ಎಂಬವರು ಕೊಟ್ಟರು. ನೆಲದ ಪದರವನ್ನು ಸರಿಸಲು ಹೊರಟರೆ ಅದರ ಪ್ರತಿರೋಧ ಒಮ್ಮೆಲೇ ಬರುವುದಿಲ್ಲ. ಪದರ ಸರಿಯುತ್ತ ಸರಿಯುತ್ತ ಪ್ರತಿರೋಧ ಬೆಳೆಯುತ್ತದೆ, ಗರಿಷ್ಠಕ್ಕೆ ಹತ್ತಿರವಾಗುತ್ತದೆ, ಆದರೆ ಶಿಖರ ಮುಟ್ಟಿ ಇಳಿಯುವುದಿಲ್ಲ. ಎಷ್ಟು ಸರಿದರೆ ಎಷ್ಟು ಬೆಳೆಯುತ್ತದೆ ಎಂಬುದನ್ನು ಹೇಳುವ ಅಂಕ ಕೆ ಎಂಬ ಒಂದು ಉದ್ದ. ಸಡಿಲ ಹಿಮಕ್ಕೆ ಅದು ಕೆಲವು ಸೆಂಟಿಮೀಟರ್. ನೆಲ ಮುಟ್ಟಿರುವ ಜಾಗದ ಉದ್ದ 15 ಸೆಂಟಿಮೀಟರ್, ಕೆ 2.5 ಸೆಂಟಿಮೀಟರ್ ಎಂದುಕೊಳ್ಳೋಣ. ಜಾರುವಿಕೆ ಶೇ 10 ಇದ್ದಾಗ ಹಿಂದಿನ ಅಂಚಿಗೆ ಬರುವಷ್ಟರಲ್ಲಿ ಹಿಮ ಒಂದೂವರೆ ಸೆಂಟಿಮೀಟರ್ ಸರಿದಿರುತ್ತದೆ, ಅಲ್ಲಿ ಹಿಮದ ಶಕ್ತಿಯ ಶೇ 45 ಮಾತ್ರ ನಮಗೆ ದಕ್ಕಿರುತ್ತದೆ. ಜಾರುವಿಕೆ ಶೇ 30 ಆದರೆ ನಾಲ್ಕೂವರೆ ಸೆಂಟಿಮೀಟರ್ ಸರಿದು ಶೇ 83 ದಕ್ಕುತ್ತದೆ. ಪರೀಕ್ಷೆಯ ಗೆರೆ ಶೇ 30ರ ಆಚೆಗೂ ಏಕೆ ಏರುತ್ತಿತ್ತು ಎಂಬುದು ಈ ಎರಡು ಅಂಕಗಳನ್ನು ಕಾಗದದ ಮೇಲೆ ಬರೆದ ರಾತ್ರಿ ನನಗೆ ತಿಳಿಯಿತು. ಆ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ.

ಬಿಗಿಹಿಡಿದ ಗಾಲಿ ಬೇಗ ನಿಂತದ್ದಕ್ಕೂ ನೆಲವೇ ಕಾರಣ. ಜಾರುವ ಗಾಲಿ ತನ್ನ ಮುಂದೆ ಹಿಮವನ್ನು ನೂಕಿ ಗುಡ್ಡೆ ಮಾಡುತ್ತದೆ, ಆ ಗುಡ್ಡೆಯೇ ಅಡ್ಡಗಲ್ಲಿನಂತೆ ತಡೆಯುತ್ತದೆ. ತಿರುಗುತ್ತಲೇ ಇರುವ ಗಾಲಿ ಗುಡ್ಡೆಯನ್ನು ಹತ್ತಿ ತುಳಿದುಬಿಡುತ್ತದೆ. ಆದರೂ ಕಂಪ್ಯೂಟರಿನ ಬ್ರೇಕು ಬೇಡವೆನ್ನುವಂತಿಲ್ಲ, ಪೂರ್ತಿ ನಿಂತ ಗಾಲಿಗೆ ಕಾರನ್ನು ತಿರುಗಿಸುವ ಶಕ್ತಿ ಇರುವುದಿಲ್ಲ.

ಎರೆ ಮಣ್ಣಿನ ಪಾಠ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನೂ ಹೇಳದಿದ್ದರೆ ಬರಹ ಅಪ್ರಾಮಾಣಿಕವಾಗುತ್ತದೆ. ನೆನೆದ ಎರೆಯನ್ನು ತುಳಿದರೆ ಅದು ಪಕ್ಕಕ್ಕೆ ಸರಿದು ಉಬ್ಬುತ್ತದೆ, ಅದರ ಗಾತ್ರ ಕುಗ್ಗುವುದಿಲ್ಲ. ಹಿಮ ಕುಗ್ಗುತ್ತದೆ. ಹೊಸ ಹಿಮದ ಒಂದು ಘನ ಮೀಟರ್ ಸುಮಾರು 100 ಕಿಲೋ ತೂಗಿದರೆ ವಾಹನಗಳು ತುಳಿದ ರಸ್ತೆಯ ಹಿಮ 400–500 ಕಿಲೋ ತೂಗುತ್ತದೆ, ಮಂಜುಗಡ್ಡೆ 917 ಕಿಲೋ. ಅಂದರೆ ಟೈರು ಹಾದುಹೋಗುವ ಕ್ಷಣದಲ್ಲಿಯೇ ತನ್ನ ಕೆಳಗಿನ ನೆಲವನ್ನು ಬೇರೆ ವಸ್ತುವನ್ನಾಗಿ ಮಾಡುತ್ತದೆ. ಇದನ್ನು ಕೈಯಾರೆ ಅರಿಯಲು ನಾನು ಹೋದದ್ದು ನಮ್ಮ ಬೀದಿಯ ಐಸ್ ಗೋಲಾ ಗಾಡಿಗೆ. ಗಾಡಿಯವರು ಗಡ್ಡೆಯನ್ನು ಅಲಗಿಗೆ ಉಜ್ಜಿ ಹೆರೆದ ಪುಡಿ ಮೊದಲಿಗೆ ಉಪ್ಪಿನ ಹಾಗೆ ಬೆರಳ ಸಂದಿನಿಂದ ಉದುರುತ್ತದೆ. ಅದನ್ನು ಕಡ್ಡಿಯ ಸುತ್ತ ಇಟ್ಟು ಅಂಗೈಯಲ್ಲಿ ಎರಡು ಬಾರಿ ಒತ್ತಿದರೆ ಗಾತ್ರ ಅರ್ಧಕ್ಕಿಂತ ಕಡಿಮೆಯಾಗಿ ಉಂಡೆಯಾಗುತ್ತದೆ. ತಲೆಕೆಳಗೆ ಹಿಡಿದರೂ ಬೀಳುವುದಿಲ್ಲ. ಕಣಗಳು ಮುಟ್ಟಿದ ಜಾಗದಲ್ಲಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಕರಗುವ ಹಂತದ ಹತ್ತಿರ ಈ ಬೆಸುಗೆ ಬೇಗ ಆಗುತ್ತದೆ, ಕಡು ಚಳಿಯಲ್ಲಿ ನಿಧಾನವಾಗುತ್ತದೆ.

ಚಳಿಗಾಲದ ಟೈರಿನ ರಹಸ್ಯವೂ ಈ ಗೋಲಾದಲ್ಲಿದೆ. ಎರೆ ಹೊಲದಲ್ಲಿ ಹಲ್ಲಿನ ಸಂದು ತುಂಬಿದರೆ ಟೈರು ಬೋಳಾಯಿತೆಂದೇ ಅರ್ಥ. ಹಿಮದಲ್ಲಿ ಸಂದು ತುಂಬಲೆಂದೇ ಟೈರನ್ನು ಕೊರೆದಿರುತ್ತಾರೆ. ಸಂದಿನಲ್ಲಿ ಒತ್ತಿ ಗಟ್ಟಿಯಾದ ಹಿಮ ರಸ್ತೆಯ ಹಿಮವನ್ನು ಹಿಡಿಯುತ್ತದೆ, ಹಿಮ ಹಿಮವನ್ನು ಹಿಡಿದಷ್ಟು ಬಿಗಿಯಾಗಿ ರಬ್ಬರು ಹಿಡಿಯಲಾರದು. ಟೈರಿನ ಮೈಮೇಲೆ ಬ್ಲೇಡಿನಿಂದ ಕೊಯ್ದಂತೆ ಕಾಣುವ ಸಾಲು ಸಾಲು ಸೀಳುಗಳು ಹೆಚ್ಚುವರಿ ಅಂಚುಗಳನ್ನು ಒದಗಿಸುತ್ತವೆ. ಇದರೊಂದಿಗೆ ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರು ಬಿರುಸಾಗುವುದರಿಂದ ಚಳಿಯಲ್ಲೂ ಮೆತ್ತಗಿರುವ ರಬ್ಬರನ್ನು ಬಳಸುತ್ತಾರೆ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಚಿಹ್ನೆಯನ್ನು ಕೆಲವು ಟೈರುಗಳ ಮೇಲೆ ಕಾಣಬಹುದು. ನಿಗದಿತ ಹೋಲಿಕೆ ಟೈರಿನೊಡನೆ ಹಿಮದ ಮೇಲೆ ಪರೀಕ್ಷೆ ನಡೆಸಿ, ಅದಕ್ಕಿಂತ ಕನಿಷ್ಠ ಶೇ 10 ಹೆಚ್ಚು ಹಿಡಿತ ತೋರಿಸಿದ ಟೈರಿಗೆ ಆ ಚಿಹ್ನೆ ಸಲ್ಲುತ್ತದೆ ಎಂಬ ನಿಯಮದಿಂದ ಅದು ಬಂದಿತು.

ಮಂಜುಗಡ್ಡೆಯ ಕಥೆ ಬೇರೆ. ಅಲ್ಲಿ ನೆಲ ಹರಿಯುವುದಿಲ್ಲ, ಹೂಳುವುದೂ ಇಲ್ಲ. ಮೇಲೊಂದು ತೆಳು ನೀರಿನ ಪದರ ಬಂದು ರಬ್ಬರನ್ನೂ ಗಡ್ಡೆಯನ್ನೂ ಬೇರ್ಪಡಿಸುತ್ತದೆ. ಸೊನ್ನೆ ಡಿಗ್ರಿಯ ಹತ್ತಿರದ ಗಡ್ಡೆ ಮೈನಸ್ 20ರ ಗಡ್ಡೆಗಿಂತ ಹೆಚ್ಚು ಜಾರುವುದಕ್ಕೆ ಆ ಪದರವೇ ಕಾರಣ. ಇಂಥದೇ ಪದರ ನಮ್ಮಲ್ಲೂ ಉಂಟು. ಸಂಡೂರಿನ ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಗಳಲ್ಲಿ ಮೊದಲ ಮಳೆಯ ಹನಿ ಬಿದ್ದಾಗ ಕೆಂಪು ಧೂಳು ಕಲಸಿದ ಹಿಟ್ಟಾಗಿ ಡಾಂಬರಿನ ಮೇಲೆ ಹರಡಿಕೊಳ್ಳುವುದನ್ನು, ಬೈಕಿನವರು ಕಾಲು ಇಳಿಬಿಟ್ಟುಕೊಂಡು ಸಾಗುವುದನ್ನು ನಮ್ಮ ಕಡೆಯವರು ಬಲ್ಲರು. ಜೋರು ಮಳೆ ಬಂದು ತೊಳೆದುಹೋದರೆ ಹಿಡಿತ ಮರಳುತ್ತದೆ. ಗಟ್ಟಿ ನೆಲದ ಮೇಲೆ ತೆಳು ಪದರವಿರುವ ಇಂಥ ರಸ್ತೆಗೆ ಮ್ಯಾಜಿಕ್ ಫಾರ್ಮುಲಾದ ಶಿಖರವನ್ನು ತಗ್ಗಿಸುವ ನನ್ನ ಮೊದಲ ವಿಧಾನ ಬಹುಮಟ್ಟಿಗೆ ಸಲ್ಲುತ್ತದೆ. ತಪ್ಪಾದದ್ದು ಅದನ್ನು ಆಳವಾದ ಹಿಮಕ್ಕೂ ಹಚ್ಚಿದ್ದು.

ಟೈರನ್ನೂ ಹಿಮವನ್ನೂ ಸಾವಿರಾರು ತುಣುಕುಗಳಾಗಿ ಒಡೆದು, ಪ್ರತಿ ತುಣುಕು ಎಷ್ಟು ಕುಗ್ಗಿತು, ಎಷ್ಟು ಸರಿಯಿತು ಎಂದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನವೂ ಇದೆ. ಅದರ ಚಿತ್ರಗಳು ಸುಂದರವಾಗಿರುತ್ತವೆ ಮತ್ತು ಟೈರಿನ ಸೀಳುಗಳನ್ನು ವಿನ್ಯಾಸ ಮಾಡುವವರಿಗೆ ಅದು ಅನಿವಾರ್ಯ. ಆದರೆ ಗಾಲಿ ಒಂದೆರಡು ಸುತ್ತು ಹಾಕುವುದನ್ನು ಲೆಕ್ಕ ಹಾಕಲು ಅದಕ್ಕೆ ಹಲವು ತಾಸು ಬೇಕು, ಬ್ರೇಕಿನ ಕಂಪ್ಯೂಟರಿಗೆ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಉತ್ತರ ಬೇಕು. ಆದ್ದರಿಂದ ನಾನು ಈಗ ನಡುವಿನ ದಾರಿ ಹಿಡಿದಿದ್ದೇನೆ. ಬ್ರಷ್ಷಿನ ಪ್ರತಿ ಕಡ್ಡಿಯ ಕೆಳಗೆ ಹಿಮದ ಒಂದು ಸಣ್ಣ ಕಂಬವನ್ನು ಇಡುತ್ತೇನೆ. ಕಂಬ ಮೊದಲು ಬೆಕ್ಕರ್ ಹೇಳಿದಂತೆ ಕುಸಿಯುತ್ತದೆ, ಕುಸಿದಷ್ಟೂ ಸಾಂದ್ರವಾಗುತ್ತದೆ, ಸಾಂದ್ರವಾದಷ್ಟೂ ಅದರ ಅಂಟು ಹೆಚ್ಚುತ್ತದೆ. ಆಮೇಲೆ ಕಡ್ಡಿ ಜಾರುವುದು ಮೊದಲೋ ಕಂಬ ಹರಿಯುವುದು ಮೊದಲೋ ಎಂದು ನೋಡಿ, ಯಾವುದು ದುರ್ಬಲವೋ ಅದರ ಬಲವನ್ನು ತೆಗೆದುಕೊಳ್ಳುತ್ತೇನೆ. ಹಿಮದ ದಪ್ಪ ಬದಲಾದರೆ ಈಗ ಅಂಕಗಳನ್ನು ಕೈಯಿಂದ ತಿದ್ದಬೇಕಾಗಿಲ್ಲ. ಅದೇ ಜಾಡಿನಲ್ಲಿ ಹಿಂದಿನ ಗಾಲಿ ಬರುವಾಗ ಮುಂದಿನ ಗಾಲಿ ತುಳಿದ ಹಿಮವನ್ನೇ ಅದು ತುಳಿಯುತ್ತದೆ ಎಂಬುದೂ ಲೆಕ್ಕದಲ್ಲಿ ಬಂದಿದೆ. ಬೆಸುಗೆಯ ವೇಗವನ್ನು ಉಷ್ಣಾಂಶದೊಡನೆ ಜೋಡಿಸುವುದು ಮಾತ್ರ ಇನ್ನೂ ನನ್ನ ಮನಸ್ಸಿಗೆ ಒಪ್ಪುವಂತೆ ಆಗಿಲ್ಲ. ಸೊನ್ನೆ ಡಿಗ್ರಿಯ ತೇವದ ಹಿಮಕ್ಕೆ ನನ್ನ ಮಾದರಿ ಈಗಲೂ ಹೆಚ್ಚಿನ ಹಿಡಿತ ತೋರಿಸುತ್ತದೆ.

ಹೋದ ತಿಂಗಳು ಬಳ್ಳಾರಿಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಎರಡು ಉಕ್ಕಿನ ಫಲಕಗಳನ್ನು ಮಾಡಿಸಿದೆ. ಒಂದು 5 ಸೆಂಟಿಮೀಟರ್ ಅಗಲದ್ದು, ಇನ್ನೊಂದು 10. ಉದ್ದ ಎರಡಕ್ಕೂ 20. ಮೇಲೆ ತೂಕದ ಕಲ್ಲುಗಳನ್ನು ಪೇರಿಸಲು ಒಂದು ಸರಳು, ಇಳಿದ ಆಳ ಓದಲು ಪಕ್ಕಕ್ಕೆ ಒಂದು ಅಳತೆಪಟ್ಟಿ. ಹಿಮ ನನಗೆ ಸಿಗುವುದಿಲ್ಲ, ಆದರೆ ನನ್ನ ಮಾದರಿಯಲ್ಲಿ ಹಿಮದ ಅಂಕಗಳನ್ನು ತೆಗೆದು ಎರೆಯ ಅಂಕಗಳನ್ನು ಹಾಕಿದರೆ ಅದು ನಮ್ಮ ಟ್ರ್ಯಾಕ್ಟರ್ ಹೂತ ಆಳವನ್ನು ಹೇಳಬೇಕು. ಮೊದಲ ಮಳೆಗೆ ಹೊಲದಂಚಿನ ಅದೇ ಹತ್ತು ಮಾರು ಜಾಗದಲ್ಲಿ ಫಲಕಗಳನ್ನು ಇಳಿಸಬೇಕೆಂದಿದ್ದೇನೆ. ಮಾಮನಿಗೆ ಫೋನ್ ಮಾಡಿ ತಿಳಿಸಿದೆ. ಮಳೆ ಬಿದ್ದ ದಿನ ಬರಬೇಡ, ನೀರು ಇಂಗಿ ಮರುದಿನ ಮಣ್ಣು ಮೇಣದ ಹದಕ್ಕೆ ಬಂದಾಗ ಬಾ, ಗಾಲಿ ಹೂಳುವುದು ಆಗಲೇ ಎಂದಿದ್ದಾರೆ.